ಶನಿವಾರದ ಅರಿಕೆ

ಈ ಅಧ್ಯಾಯವನ್ನು ನಾನು ಮುಂದಕ್ಕೆ ತಳ್ಳುತ್ತಲೇ ಬಂದಿದ್ದೇನೆ. ಕಾರ್ಖಾನೆಯ ಸ್ಟೋರಿನಲ್ಲಿ ಕಳೆದ ವರ್ಷಗಳ ಬಗ್ಗೆ ಬರೆದು ಮುಗಿಸಿದೆ. ಮದುವೆಯ ಬಗ್ಗೆ ಬರೆದೆ. ಅಬ್ಬಿಗೆರೆಯಲ್ಲಿ ಮನೆ ಕಟ್ಟಿಸುವಾಗ ಮೇಸ್ತ್ರಿಯ ಜೊತೆ ಆದ ಜಗಳವನ್ನೂ ಬಿಡದೆ ಬರೆದೆ. ಹುಟ್ಟಿ ಬೆಳೆದ ಮನೆಯ ವಿಷಯ ಬಂದಾಗ ಮಾತ್ರ ಕನ್ನಡಕ ಸರಿಯಿಲ್ಲ, ಸೊಂಟ ನೋವು, ಮೊಮ್ಮಗಳಿಗೆ ಲೆಕ್ಕ ಹೇಳಿಕೊಡಬೇಕು ಎಂದು ಏನಾದರೊಂದು ನೆಪ ಸಿಗುತ್ತಿತ್ತು. ಆ ಮನೆಯ ಬಗ್ಗೆ ಬರೆದರೆ ಅಲ್ಲಿ ನಾನು ಮಾಡಿದ ಒಂದು ಕೆಲಸವನ್ನೂ ಬರೆಯಲೇಬೇಕು. ಆ ಕೆಲಸದಿಂದ ನೊಂದವರು ಇಬ್ಬರು. ಒಬ್ಬರ ಹತ್ತಿರ ಹೋಗಿ ತಪ್ಪಾಯಿತು ಎಂದು ಕೇಳಿಕೊಂಡೆ. ಇನ್ನೊಬ್ಬರ ಹತ್ತಿರ ಕೇಳಲಿಲ್ಲ. ಕೇಳಲು ಕಾಲ ಇರಲಿಲ್ಲವೆಂದಲ್ಲ, ಒಂದು ಆಯುಸ್ಸಿನಷ್ಟು ಕಾಲ ಇತ್ತು.

ನಮ್ಮ ಮನೆ ಮತ್ತಿಕೆರೆಯಲ್ಲಿ ದೇವಾಲಯದ ಬೆನ್ನಿಗೇ ಅಂಟಿಕೊಂಡಿತ್ತು. ನಾವು ಕ್ರೈಸ್ತರು ಆರಾಧನೆ ಮಾಡುವ ಕಟ್ಟಡವನ್ನು ದೇವಾಲಯ ಎಂದೇ ಕರೆಯುವುದು. ಹೆಂಚಿನ ಮಾಡು, ಸುಣ್ಣ ಬಳಿದ ಗೋಡೆ, ಒಳಗೆ ನಾಲ್ಕೈದು ಬೆಂಚು ಬಿಟ್ಟರೆ ಉಳಿದದ್ದೆಲ್ಲ ಚಾಪೆ. ಅದರ ಹಿಂಬಾಗಿಲು ತೆರೆದರೆ ನಮ್ಮ ಹಜಾರ, ಹಜಾರ ದಾಟಿದರೆ ಅಡುಗೆಮನೆ, ಅಡುಗೆಮನೆಯ ಮೂಲೆಯಲ್ಲೇ ಬಚ್ಚಲು. ಬೇರೆ ಕೋಣೆ ಇರಲಿಲ್ಲ. ಆಗ ಮತ್ತಿಕೆರೆ ಇನ್ನೂ ಊರು. ಈಗ ಕಾಲೇಜು ಹುಡುಗರ ಪಿ.ಜಿ.ಗಳು ಒತ್ತೊತ್ತಾಗಿ ನಿಂತಿರುವ ಕಡೆ ನಮ್ಮ ಪಕ್ಕದ ಮನೆಯ ಮುನಿಯಮ್ಮನವರ ಅವರೆ ಹೊಲ ಇತ್ತು. ಚಳಿಗಾಲದ ಬೆಳಿಗ್ಗೆ ಕಿಟಕಿ ತೆರೆದರೆ ಸೊಗಡು ಒಳಗೇ ಬಂದು ಕೂರುತ್ತಿತ್ತು. ಹಜಾರದಲ್ಲಿ ಒಂದು ಮರದ ಪೆಟ್ಟಿಗೆ, ಅದರ ಮೇಲೆ ಅಪ್ಪನ ಸತ್ಯವೇದ, ಸತ್ಯವೇದದ ಮೇಲೆ ಅಪ್ಪನ ಕನ್ನಡಕ. ಅಡುಗೆಮನೆಯಲ್ಲಿ ಇಬ್ಬರು ಹೆಂಗಸರು, ಒಂದೇ ಒಲೆ. ಒಬ್ಬಳು ನನ್ನ ಅಮ್ಮ, ಇನ್ನೊಬ್ಬಳು ಅಪ್ಪನ ತಂಗಿ, ನನ್ನ ಅತ್ತೆ. ಮದುವೆಯಾದ ಹೊಸತರಲ್ಲೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ಬಂದವಳು. ಅಮ್ಮ ಸಾರಿಗೆ ಉಪ್ಪು ಹಾಕಿ ಆಚೆ ಹೋದರೆ ಅತ್ತೆ ರುಚಿ ನೋಡಿ ಇನ್ನೊಂದು ಚಿಟಿಕೆ ಹಾಕುವಳು. ಊಟಕ್ಕೆ ಕೂತಾಗ ಅಮ್ಮ ಒಂದು ತುತ್ತು ಬಾಯಿಗಿಟ್ಟು, ಯಾರ ಕಡೆಯೂ ನೋಡದೆ, ಈ ಮನೆಯಲ್ಲಿ ಸಾರಿಗೆ ಎರಡು ಕೈ ಬಿದ್ದರೆ ಸಮುದ್ರ ಆಗುತ್ತೆ ಎನ್ನುವಳು. ಅತ್ತೆ, ಸಮುದ್ರ ಆದರೂ ಆಗಲಿ ಅತ್ತಿಗೆ, ನೀವು ಮಾಡಿದ್ದು ಬರೀ ಕೆರೆ ನೀರು ಎನ್ನುವಳು. ಅಪ್ಪ ಮುದ್ದೆ ಮುರಿಯುತ್ತಾ ತಲೆ ತಗ್ಗಿಸಿಕೊಂಡು ನಗುತ್ತಿದ್ದರು.

ಅಪ್ಪ ಅಲ್ಲಿ ಆರಾಧನೆಗೆ ಸೇರುವವರ ಸಭೆಗೆ ಉಪದೇಶಿ. ಅಂದರೆ ಪಾದ್ರಿಯಲ್ಲ, ದೀಕ್ಷೆ ಆದವರಲ್ಲ. ದೀಕ್ಷೆ ಆದ ಅಯ್ಯನವರು ತಿಂಗಳಿಗೊಮ್ಮೆ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡಲು ಸೈಕಲ್ಲಿನಲ್ಲಿ ಬರುತ್ತಿದ್ದರು. ಉಳಿದ ಭಾನುವಾರಗಳಲ್ಲಿ ಆರಾಧನೆ ನಡೆಸುವುದು, ಮಕ್ಕಳಿಗೆ ಸತ್ಯವೇದದ ವಚನ ಕಲಿಸುವುದು, ಕಾಯಿಲೆಯವರ ಮನೆಗೆ ಹೋಗಿ ಪ್ರಾರ್ಥಿಸುವುದು, ಗಂಟೆ ಹೊಡೆಯುವುದು ಎಲ್ಲಾ ಅಪ್ಪನದೇ. ಆರಾಧನೆಯ ಮೊದಲ ಭಾಗದಲ್ಲಿ ಎಲ್ಲರೂ ಮೊಣಕಾಲೂರಿ ಒಟ್ಟಾಗಿ ಪಾಪದ ಅರಿಕೆ ಹೇಳಬೇಕು. ಅದಕ್ಕೆ ಅಚ್ಚಾದ ಪ್ರಾರ್ಥನೆ ಇದೆ, ನಮ್ಮವರಿಗೆ ಅದು ಬಾಯಿಪಾಠ. ಬಾಯಿ ಅದನ್ನು ಹೇಳುತ್ತಿರುವಾಗ ಕಣ್ಣು ಹೊರಗೆ ಬಿಟ್ಟ ಚಪ್ಪಲಿಯ ಮೇಲೆ, ಮನಸ್ಸು ಒಲೆಯ ಮೇಲೆ. ಇದನ್ನು ಅಪ್ಪ ಗಮನಿಸಿದ್ದರು. ಹಾಗಾಗಿ ತಾವೇ ಪ್ರತಿ ವಾರ ಹೊಸ ಅರಿಕೆ ಬರೆಯತೊಡಗಿದರು. ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಬರೆದು ಒಂದೊಂದೇ ಸಾಲು ಓದುವರು. ಪ್ರತಿ ಸಾಲಿಗೂ ಸಭೆ, ಕರ್ತನೇ ನಮ್ಮನ್ನು ಕ್ಷಮಿಸು ಎನ್ನಬೇಕು. ಆ ಸಾಲುಗಳು ಹೀಗಿರುತ್ತಿದ್ದವು:

“ಬಾವಿಗೆ ನಮಗಿಂತ ಮೊದಲು ಬಂದವಳ ಕೊಡವನ್ನು ಸರಿಸಿ ನಮ್ಮ ಕೊಡ ಇಟ್ಟೆವು.”

“ಕೀರ್ತನೆ ಹಾಡುತ್ತಾ ಹಾಡುತ್ತಾ ಪಕ್ಕದವರ ಸೀರೆಯ ಅಂಚು ನೋಡಿದೆವು.”

“ಸಾರಿನ ಉಪ್ಪಿನ ವಿಷಯಕ್ಕೆ ದಿನಗಟ್ಟಲೆ ಮಾತು ಬಿಟ್ಟೆವು.”

ಈ ಕೊನೆಯ ಸಾಲು ಬಂದ ಭಾನುವಾರ ಅಮ್ಮ ಮತ್ತು ಅತ್ತೆ ಅಕ್ಕಪಕ್ಕ ಮೊಣಕಾಲೂರಿದ್ದರು. ಇಬ್ಬರ ಹೆಗಲೂ ಅಲುಗಾಡುತ್ತಿತ್ತು. ಅಳುತ್ತಿದ್ದಾರೆಂದು ಹಿಂದಿನವರು ಅಂದುಕೊಂಡರು, ಅವರು ನಗು ತಡೆಯುತ್ತಿದ್ದರು. ಮನೆಗೆ ಬಂದ ಮೇಲೆ ಅಮ್ಮ, ನಮ್ಮ ಒಲೆ ಮೇಲಿನ ಸಾರನ್ನ ಊರಿಗೆಲ್ಲಾ ಬಡಿಸಿದಿರಲ್ಲ ಎಂದು ಅಪ್ಪನನ್ನು ತರಾಟೆಗೆ ತೆಗೆದುಕೊಂಡಳು. ಅಪ್ಪ, ಊರವರ ಸಾರೂ ಹಾಗೇ ಇದೆ, ಯಾರೂ ಗುರುತು ಹಿಡಿಯಲ್ಲ ಬಿಡು ಎಂದರು. ಅದು ನಿಜವಾಗಿತ್ತು. ಸಭೆಯ ಹಿರಿಯರಾದ ದಾವೀದಪ್ಪ ಒಬ್ಬರಿಗೆ ಮಾತ್ರ ಈ ಪದ್ಧತಿ ಹಿಡಿಸಿರಲಿಲ್ಲ. ಅವರು ಯಶವಂತಪುರದ ಮಂಡಿಯಲ್ಲಿ ತೂಕದ ಕೆಲಸದವರು, ಎಲ್ಲವೂ ಸರಿಯಾಗಿ ಇರಬೇಕು. ಒಂದು ದಿನ ಆರಾಧನೆ ಮುಗಿದ ಮೇಲೆ ಬಾಗಿಲಲ್ಲೇ ಅಪ್ಪನನ್ನು ನಿಲ್ಲಿಸಿದರು.

“ಉಪದೇಶಿಗಳೇ, ನಾನು ಯಾರ ಸೀರೆ ಅಂಚೂ ನೋಡಿಲ್ಲ ಕಣ್ರೀ. ನಾನ್ಯಾಕೆ ಕ್ಷಮೆ ಕೇಳ್ಬೇಕು?”

“ನೋಡಿದವರ ಪಕ್ಕದಲ್ಲಿ ಸುಮ್ನೆ ಮೊಣಕಾಲೂರಿ ಅಣ್ಣ. ಅವರಿಗೆ ಒಂಟಿ ಅನ್ನಿಸಬಾರದು.”

ಆ ಸಾಲುಗಳಿಗೆ ಸಾಮಾನು ಒದಗಿಸುತ್ತಿದ್ದದ್ದು ನಾವು, ಮನೆಯವರು. ಶನಿವಾರ ಸಂಜೆ ಅಮ್ಮ ನೆಲ ಸಾರಿಸುವಳು, ಅತ್ತೆ ಭಾನುವಾರದ ಬಟ್ಟೆಗೆ ಕೆಂಡದ ಇಸ್ತ್ರಿ ಹಾಕುವಳು, ಅಪ್ಪ ಹಿಂದಿನ ಮೆಟ್ಟಿಲ ಮೇಲೆ ಕೂರುವರು. ನಾನು ಮತ್ತು ನನ್ನ ಅಕ್ಕ ಕರುಣಾ ಒಬ್ಬರಾದ ಮೇಲೆ ಒಬ್ಬರು ಹೋಗಿ ಅಪ್ಪನ ಕಿವಿಯಲ್ಲಿ ಆ ವಾರದ ನಮ್ಮ ಪಾಪ ಹೇಳಬೇಕು. ದೊಡ್ಡವರೂ ಹೇಳಬಹುದು, ಹೇಳದೆಯೂ ಇರಬಹುದು. ಅದಕ್ಕೆ ನಿಯಮ ಎರಡೇ. ಹೇಳಿದ್ದಕ್ಕೆ ಹೊಡೆತವಿಲ್ಲ, ಬೈಗುಳವಿಲ್ಲ. ಇನ್ನೊಬ್ಬರ ಪಾಪವನ್ನು ಮಾತ್ರ ಹೇಳಕೂಡದು. ಅಪ್ಪ ಕೇಳಿಸಿಕೊಂಡು ತಲೆಯ ಮೇಲೆ ಕೈಯಿಟ್ಟು, ಆಯ್ತು ಹೋಗು ಎನ್ನುವರು. ಆ ಕೈಯಲ್ಲಿ ಸೀಮೆಸುಣ್ಣದ, ನಶ್ಯದ ವಾಸನೆ. ಆಮೇಲೆ ಒಳಗೆ ಮುದ್ದೆ, ಬಸ್ಸಾರು. ಇಷ್ಟು ಹಗುರವಾಗಿ ಶನಿವಾರ ರಾತ್ರಿಯ ಊಟಕ್ಕೆ ಕೂರುತ್ತಿದ್ದ ಮನೆ ಆ ಊರಲ್ಲಿ ಇನ್ನೊಂದು ಇತ್ತೆಂದು ನನಗನ್ನಿಸುವುದಿಲ್ಲ.

ಹೇಳಿದ್ದರಲ್ಲಿ ಕೆಲವನ್ನು ಅಪ್ಪ ಭಾನುವಾರಕ್ಕೆ ಆರಿಸಿಕೊಳ್ಳುತ್ತಿದ್ದರು. ನನ್ನ ಕಷ್ಟ ಶುರುವಾದದ್ದು ಇಲ್ಲಿಂದ. ಕರುಣಾಳ ಪಾಪಗಳು ಮತ್ತೆ ಮತ್ತೆ ಆಯ್ಕೆಯಾಗುತ್ತಿದ್ದವು. ಅವಳು ಮಾಡುತ್ತಿದ್ದ ತಪ್ಪುಗಳೇ ಬೇರೆ ಥರ. ಕುಂಟುತ್ತಾ ಬಂದ ಭಿಕ್ಷುಕಿಯನ್ನು ಕಂಡು ಬಾಗಿಲ ಹಿಂದೆ ಅಡಗಿದೆ ಎನ್ನುವಳು. ಗೆಳತಿಗೆ ಹೆಚ್ಚು ಅಂಕ ಬಂದದ್ದಕ್ಕೆ ಹೊಟ್ಟೆ ಉರಿಯಿತು ಎನ್ನುವಳು. ನನ್ನದು ಪ್ರತಿ ವಾರವೂ ಬೆಲ್ಲದ ಡಬ್ಬಿ. ಭಾನುವಾರ ಅವಳ ಸಾಲು ಬಂದಾಗ ಅವಳು ಚಾಪೆಯ ಆ ತುದಿಯಿಂದ ಕಣ್ಣು ಬಿಟ್ಟು ನನ್ನನ್ನು ನೋಡುವಳು. ಸಭೆಯೆಲ್ಲಾ ಅವಳ ಪಾಪಕ್ಕೆ ಕ್ಷಮೆ ಕೇಳುತ್ತಿದೆ, ನನ್ನ ಬೆಲ್ಲವನ್ನು ಕೇಳುವವರಿಲ್ಲ. ಈಗ ಬರೆಯುವಾಗ ನಗು ಬರುತ್ತದೆ. ಆಗ ನನಗೆ ಒಂದು ದೊಡ್ಡ ಪಾಪ ಬೇಕಾಗಿತ್ತು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದ ಆ ವರ್ಷ ನನಗೆ ಸೀತಾಳೆ ಸಿಡುಬು ಬಂತು. ಊರಿನವರು ಅದಕ್ಕೆ ಅಮ್ಮ ಬಂದಿದ್ದಾಳೆ ಎನ್ನುತ್ತಾರೆ, ಮಾರಮ್ಮ ಮೈಮೇಲೆ ಇಳಿದಿದ್ದಾಳೆ ಎಂಬ ಅರ್ಥದಲ್ಲಿ. ನಮ್ಮ ಮನೆಯಲ್ಲಿ ಹಾಗೆ ಹೇಳುವಂತಿರಲಿಲ್ಲ. ಕರುಣಾಳನ್ನು ಅಜ್ಜಿಯ ಮನೆಗೆ ಕಳಿಸಿದರು. ಅಮ್ಮನಿಗೆ ಚಿಕ್ಕಂದಿನಲ್ಲಿ ಸೀತಾಳೆ ಬಂದಿರಲಿಲ್ಲವಾದ್ದರಿಂದ ಅವಳು ನನ್ನ ಹತ್ತಿರ ಬರಕೂಡದೆಂದು ಅಪ್ಪ ಕಟ್ಟಪ್ಪಣೆ ಮಾಡಿದರು. ಅವಳು ಅಡುಗೆಮನೆಯ ಬಾಗಿಲಲ್ಲೇ ನಿಂತು ನನ್ನ ಮುಖ ನೋಡಿ ಒಳಗೆ ಹೋಗಿ ಅಳುವಳು. ಅತ್ತೆಗೆ ಬಂದು ಹೋಗಿತ್ತು, ಅವಳ ಮೂಗಿನ ಮೇಲೆ ಅದರ ಗುರುತೂ ಇತ್ತು. ಹಾಗಾಗಿ ನನ್ನ ಪಕ್ಕ ಕೂತವಳು ಅತ್ತೆ. ಬೇವಿನ ಎಲೆಯಿಂದ ಮೈ ಸವರುವಳು, ಕೆರೆದುಕೊಳ್ಳದಂತೆ ಎರಡೂ ಕೈ ಹಿಡಿದುಕೊಂಡು ಕಥೆ ಹೇಳುವಳು. ಅಪ್ಪ ದಿನವೂ ಬಂದು ಮೊಣಕಾಲೂರಿ ಪ್ರಾರ್ಥಿಸುವರು. ಸಭೆಯವರು ಅಂಟೀತೆಂದು ಬೀದಿಯ ಆಚೆ ಬದಿಯಲ್ಲೇ ನಿಂತು ವಿಚಾರಿಸಿಕೊಂಡು ಹೋಗುತ್ತಿದ್ದರು. ಒಳಗೆ ಬಂದವರು ಪಕ್ಕದ ಮುನಿಯಮ್ಮ ಒಬ್ಬರೇ. ಜ್ವರ ಏರಿ ನಾನು ಏನೇನೋ ಬಡಬಡಿಸುತ್ತಿದ್ದ ಒಂದು ಮಧ್ಯಾಹ್ನ, ಅಪ್ಪ ಮನೆಯಲ್ಲಿಲ್ಲದೆ ಅಮ್ಮ ಬಾವಿಗೆ ಹೋಗಿದ್ದಾಗ, ಅವರು ನನ್ನ ಹಣೆ ಮುಟ್ಟಿ ನೋಡಿ ಅತ್ತೆಗೆ ಹೇಳಿದ್ದು ನನಗೆ ಕೇಳಿಸಿತು.

“ನಿಮ್ ದೇವ್ರನ್ನ ನೀವ್ ಬಿಡಬ್ಯಾಡಿ ಕಣವ್ವ. ಆದ್ರೆ ಇಂಗೆ ಕೈ ಕಟ್ಕಂಡು ಕೂತ್ರೆ ಆಯ್ತದಾ? ಅವ್ಳು ಮನೆಗೆ ಬಂದವ್ಳೆ. ಒಂದ್ ಬಟ್ಲು ಮೊಸರನ್ನ ಇಕ್ಕಿ ತಂಪಾಗಿ ಓಗ್ ತಾಯಿ ಅನ್ನು. ಬಂದೋರಿಗೆ ಒಂದ್ ತುತ್ತು ಇಕ್ಕಾಕೂ ನಿಮ್ ದೇವ್ರು ಬ್ಯಾಡ ಅಂತಾನಾ?”

ಅತ್ತೆ ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಯಲ್ಲಿ ಅನ್ನ ಕಲಸುವ ಸದ್ದು ಕೇಳಿಸಿತು. ಕಿಟಕಿಯಿಂದ ನೋಡಿದೆ. ಅತ್ತೆ ಸೆರಗಿನಡಿ ಕಂಚಿನ ಬಟ್ಟಲು ಹಿಡಿದು, ಮೇಲೆ ಒಂದು ಬೇವಿನ ಕಡ್ಡಿ ಇಟ್ಟುಕೊಂಡು, ಮುನಿಯಮ್ಮನ ಹಿಂದೆ ಹೊಲದ ಬದುವಿನ ಮೇಲೆ ಹೋಗುತ್ತಿದ್ದಳು. ಆ ಬದುವಿನ ಕೊನೆಗೆ ಬೇವಿನ ಮರದ ಕೆಳಗೆ ಮಾರಮ್ಮನ ಚಿಕ್ಕ ಗುಡಿ ಇತ್ತು. ವಾಪಸ್ಸು ಬಂದವಳ ಉಸಿರು ಏರಿಳಿಯುತ್ತಿತ್ತು. ಬಟ್ಟಲಲ್ಲಿ ಉಳಿದಿದ್ದ ಮೊಸರನ್ನವನ್ನು ಬೆರಳ ತುದಿಯಲ್ಲಿ ತೆಗೆದು ನನ್ನ ಬಾಯಿಗಿಟ್ಟಳು. ಬಾಯೆಲ್ಲಾ ಹುಣ್ಣಾಗಿದ್ದ ನನಗೆ ಅದು ಎಷ್ಟು ತಣ್ಣಗೆ ಇಳಿಯಿತೆಂದರೆ ಇವತ್ತಿಗೂ ಮೊಸರನ್ನ ತಿನ್ನುವಾಗ ಅವಳ ಬೆರಳು ನೆನಪಾಗುತ್ತದೆ.

“ಅಪ್ಪಂಗೆ ಹೇಳ್ಬೇಡ ಕಂದ. ಯಾರಿಗೂ ಹೇಳ್ಬೇಡ.”

ಹೇಳುವುದಿಲ್ಲ ಎಂದು ತಲೆಯಾಡಿಸಿದೆ. ಜ್ವರ ಇಳಿಯಿತು. ಅಪ್ಪನ ಪ್ರಾರ್ಥನೆಯಿಂದಲೋ, ಬಟ್ಟಲಿನಿಂದಲೋ, ಅದು ಹೇಗೂ ಇಳಿಯುವ ಕಾಲಕ್ಕೆ ಇಳಿಯಿತೋ, ನನಗೆ ಗೊತ್ತಿಲ್ಲ. ಬೇವಿನ ನೀರಿನ ಸ್ನಾನವಾಯಿತು. ಕರುಣಾ ಅಜ್ಜಿಯ ಮನೆಯಿಂದ ಒಂದು ಬುಟ್ಟಿ ಹೊಸ ಪಾಪ ಹೊತ್ತುಕೊಂಡು ಬಂದಳು. ಶನಿವಾರ ಸಂಜೆ ಅವಳು ಅಪ್ಪನ ಕಿವಿಯಲ್ಲಿ ಬಹಳ ಹೊತ್ತು ಪಿಸುಗುಟ್ಟಿದಳು. ಅಪ್ಪ ಮೆಚ್ಚಿಕೊಂಡು ಹೂಂಗುಟ್ಟಿದರು. ನಂತರ ನನ್ನ ಸರದಿ. ಹಾಸಿಗೆ ಹಿಡಿದಿದ್ದವನಿಗೆ ಈ ಸಲ ಬೆಲ್ಲದ ಡಬ್ಬಿ ಕೂಡ ಇರಲಿಲ್ಲ. ಅಪ್ಪನ ಕಿವಿಯ ಹತ್ತಿರ ಬಾಯಿ ಇಟ್ಟೆ. ಬಂದದ್ದು ಇದು:

“ಮಕ್ಕಳಿಗೆ ಹುಷಾರಿಲ್ದಾಗ ಕೆಲವರು ದೇವರನ್ನ ನಂಬದೆ ಮೊಸರನ್ನ ತಗೊಂಡು ಬೇರೆ ಕಡೆ ಹೋಗ್ತಾರಪ್ಪ.”

ಅತ್ತೆಯ ಹೆಸರು ಹೇಳಲಿಲ್ಲ. ಹೆಸರು ಹೇಳದಿದ್ದರೆ ನಿಯಮ ಮುರಿದಂತಲ್ಲ ಎಂದು ಆ ಕ್ಷಣದಲ್ಲೇ ಲೆಕ್ಕ ಹಾಕಿದ್ದೆ. ಆ ವಯಸ್ಸಿನ ಹುಡುಗನಿಗೆ ಅಷ್ಟು ಬುದ್ಧಿ ಇರುತ್ತದೆ, ಇರಲಿಲ್ಲವೆಂದು ಹೇಳಿ ನಾನು ತಪ್ಪಿಸಿಕೊಳ್ಳುವುದಿಲ್ಲ. ಅಪ್ಪ ನನ್ನನ್ನು ಅಚ್ಚರಿಯಿಂದ ನೋಡಿದರು. ಸಭೆಯಲ್ಲಿ ಹಾಗೆ ಗುಟ್ಟಾಗಿ ಹೋಗುವವರು ಇದ್ದರೆಂಬುದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕಾಯಿಲೆಯಲ್ಲಿ ಮಲಗಿ ಹುಡುಗ ಇದನ್ನೆಲ್ಲಾ ಯೋಚಿಸಿದ್ದಾನೆ ಎಂದು ಅಪ್ಪ ಸಂತೋಷಪಟ್ಟರು. ತಲೆಯ ಮೇಲೆ ಕೈಯಿಟ್ಟು, ಚೆನ್ನಾಗಿ ಹೇಳಿದೆ ಮಗನೇ ಎಂದರು. ಊಟಕ್ಕೆ ಕೂತಾಗ ಕರುಣಾಳ ಕಡೆ ನೋಡಿದೆ. ಅತ್ತೆ ನನ್ನ ತಟ್ಟೆಗೆ ತುಪ್ಪ ಬಡಿಸಿದಳು, ಕಾಯಿಲೆಯಿಂದ ಎದ್ದವನು ಎಂದು.

ಭಾನುವಾರ ಅಪ್ಪ ಕ್ಯಾಲೆಂಡರ್ ಹಾಳೆ ಹಿಡಿದು ಓದಿದರು. ಕರುಣಾಳದ್ದು ಬಂತು, ಹೋಯಿತು. ಆಮೇಲೆ ಅಪ್ಪ, “ಮಕ್ಕಳ ಮೈ ಬೆಂಕಿಯಾದಾಗ ನಿನ್ನ ಮೇಲೆ ಭಾರ ಹಾಕದೆ, ಮೊಸರನ್ನದ ಬಟ್ಟಲು ಹಿಡಿದು ಬೇರೆ ಬಾಗಿಲಿಗೆ ಹೋದೆವು” ಎಂದು ಓದಿದರು. ಎಲ್ಲರೂ ಕರ್ತನೇ ನಮ್ಮನ್ನು ಕ್ಷಮಿಸು ಎನ್ನುವ ಬದಲು ಅರ್ಧ ಸಭೆಯಷ್ಟೇ ಅಂದಿತು. ಹೆಂಗಸರ ಕಡೆ ದಾವೀದಪ್ಪನವರ ಹೆಂಡತಿ ತಲೆ ಎತ್ತಿ ಅತ್ತೆಯನ್ನು ನೋಡಿದರು. ಆ ಮಧ್ಯಾಹ್ನ ಹೊಲದ ದಾರಿಯಲ್ಲಿ ಬರುತ್ತಿದ್ದ ಅವರು ಅತ್ತೆಯನ್ನು ಗುಡಿಯ ಹತ್ತಿರ ಕಂಡಿದ್ದರಂತೆ, ಕಂಡು ಸುಮ್ಮನಿದ್ದರಂತೆ. ಅವರು ನೋಡಿದ್ದನ್ನು ಕಂಡು ಪಕ್ಕದವರು ನೋಡಿದರು. ಒಂದೊಂದೇ ತಲೆ ತಿರುಗಿತು. ಅತ್ತೆ ಮೊಣಕಾಲ ಮೇಲೇ ಇದ್ದಳು. ಅವಳ ತುಟಿ ಮುಚ್ಚಿತ್ತು. ಅಪ್ಪ ಮುಂದಿನ ಸಾಲು ಓದಲು ಹಾಳೆಯಿಂದ ತಲೆ ಎತ್ತಿದವರು, ಆ ತಲೆಗಳೆಲ್ಲಾ ತಿರುಗಿರುವ ಕಡೆ ನೋಡಿ, ತಂಗಿಯ ಮುಖ ನೋಡಿ, ಅಲ್ಲಿಗೇ ನಿಲ್ಲಿಸಿದರು. ಅವರಿಗೆ ಅರ್ಥವಾದದ್ದು ನನಗೆ ಕಾಣಿಸಿತು. ಕಿವಿಯಲ್ಲಿ ಹೇಳಿದ್ದು ಯಾರೆಂದು ಅವರಿಗೆ ಗೊತ್ತಿದ್ದೇ ಇತ್ತು.

ಆ ವಾರ ನಮ್ಮ ಹಜಾರದಲ್ಲಿ ಹಿರಿಯರು ಸೇರಿದರು. ಉಪದೇಶಿಯ ಮನೆಯಲ್ಲೇ ಹೀಗಾದರೆ ಸಭೆಗೆ ಏನು ಹೇಳುವುದು ಎಂದು ದಾವೀದಪ್ಪ ಕೇಳಿದರು. ಅತ್ತೆ ಮುಂದಿನ ಭಾನುವಾರ ಸಭೆಯ ಮುಂದೆ ನಿಂತು ತಪ್ಪಾಯಿತು ಎನ್ನಬೇಕು, ಇಲ್ಲವಾದರೆ ಅವಳನ್ನು ಕರ್ತನ ಭೋಜನದಿಂದ ದೂರ ಇಡಬೇಕು ಎಂದು ತೀರ್ಮಾನವಾಯಿತು. ಅಡುಗೆಮನೆಯ ಬಾಗಿಲ ಹಿಂದಿನಿಂದ ಅಮ್ಮ ಮೊದಲ ಬಾರಿಗೆ ಹಿರಿಯರ ಎದುರು ಬಾಯಿಬಿಟ್ಟು, ಆ ದಿನಗಳಲ್ಲಿ ನಿಮ್ಮಲ್ಲಿ ಒಬ್ಬರಾದರೂ ನಮ್ಮ ಹೊಸ್ತಿಲು ದಾಟಿದ್ದಿರಾ ಎಂದು ಕೇಳಿದಳು. ಅತ್ತೆ ಹೊರಗೆ ಬಂದಳು. ಅವಳು ಹಿರಿಯರ ಕಡೆ ನೋಡದೆ ಅಣ್ಣನಿಗೆ ಮಾತ್ರ ಹೇಳಿದಳು.

“ಮಗು ಉಳೀಲಿ ಅಂತ ಹೋದೆ ಅಣ್ಣ. ಅದನ್ನ ಹೇಗೆ ತಪ್ಪಾಯ್ತು ಅನ್ಲಿ? ನಾಳೆ ಅವನಿಗೆ ಮತ್ತೆ ಹಂಗೇ ಆದ್ರೆ ಮತ್ತೆ ಹೋಗ್ತೀನಿ. ಮನಸ್ಸಲ್ಲಿ ಇಲ್ದೇ ಇರೋದನ್ನ ಬಾಯಲ್ಲಿ ಹೇಳ್ಬಾರ್ದು ಅಂತ ನೀನೇ ಅಲ್ವಾ ನಮ್ಗೆ ಕಲ್ಸಿದ್ದು?”

ನಾನು ಆಗ ಹಜಾರದ ಮೂಲೆಯಲ್ಲಿ ಪೆಟ್ಟಿಗೆಯ ಪಕ್ಕ ಇದ್ದೆ. ಎದ್ದು ನಿಂತು ಒಂದು ಮಾತು ಹೇಳಬಹುದಿತ್ತು. ಅಪ್ಪನಿಗೆ ಹೇಳಿದ್ದು ನಾನು, ಅತ್ತೆ ಬೇಡವೆಂದಿದ್ದರೂ ಹೇಳಿದೆ, ಕರುಣಾಳಿಗಿಂತ ಮೇಲಾಗಲು ಹೇಳಿದೆ ಎಂದು. ಅಪ್ಪ ಅಂದಿನ ಸಂಜೆ ಮೆಟ್ಟಿಲ ಮೇಲೆ ನನ್ನನ್ನು ಕೂರಿಸಿಕೊಂಡು ಕೇಳಿದರು ಕೂಡ.

“ನನಗೇನಾದ್ರೂ ಹೇಳೋದಿದ್ಯಾ ಮಗನೇ?”

“ಇಲ್ಲಪ್ಪ.”

ಅಪ್ಪ ಗದರಲಿಲ್ಲ. ಹೇಳಿದ್ದಕ್ಕೆ ಬೈಗುಳವಿಲ್ಲ ಎಂಬುದು ಅವರದೇ ನಿಯಮ, ಹೇಳದೆ ಇದ್ದದ್ದಕ್ಕೆ ಏನೆಂದು ಅವರೂ ಯೋಚಿಸಿರಲಿಲ್ಲವೇನೋ. ತಲೆಯ ಮೇಲೆ ಕೈಯಿಟ್ಟರು. ನಾನು ಆ ಕೈ ಕೆಳಗಿನಿಂದ ಜಾರಿಕೊಂಡು ಆಡಲು ಓಡಿದೆ.

ಮುಂದಿನ ಭಾನುವಾರ ಅಯ್ಯನವರೂ ಬಂದಿದ್ದರು. ಅರಿಕೆಯ ಹೊತ್ತಿಗೆ ಎಲ್ಲರೂ ಅತ್ತೆ ಏಳುತ್ತಾಳೆಂದು ಕಾಯುತ್ತಿದ್ದರು. ಎದ್ದದ್ದು ಅಪ್ಪ. ಕೈಯಲ್ಲಿ ಹಾಳೆ ಇರಲಿಲ್ಲ. ಅವರ ಮಾತು ನನಗೆ ನೆನಪಿದ್ದ ಹಾಗೆ ಬರೆಯುತ್ತೇನೆ.

“ಪ್ರಿಯರೇ, ಹೋದ ವಾರ ನಾನು ಓದಿದ ಅರಿಕೆಯಲ್ಲಿ ಒಂದು ಸಾಲು ನನ್ನದಲ್ಲ, ನಿಮ್ಮದೂ ಅಲ್ಲ. ಬೇರೆಯವರದನ್ನು ತಂದು ನಿಮ್ಮೆಲ್ಲರ ಬಾಯಿಗೆ ಹಾಕಿದೆ. ಅದು ಪ್ರಾರ್ಥನೆ ಅಲ್ಲ, ಚಾಡಿ. ಚಾಡಿ ಹೇಳಿದವನು ನಾನು. ನನ್ನ ಮಗು ಬೆಂಕಿಯಲ್ಲಿ ಬೇಯುವಾಗ ನನ್ನ ತಂಗಿ ಒಬ್ಬಳೇ ಅವನ ಪಕ್ಕ ಕೂತಿದ್ದಳು. ಅವಳನ್ನು ನಾನು ನಿಮ್ಮ ಮುಂದೆ ನಿಲ್ಲಿಸಿದೆ. ತಂಗೀ, ನನ್ನನ್ನು ಕ್ಷಮಿಸು.”

ಉಪದೇಶಿಗೆ ಪಾಪವಿಮೋಚನೆ ಸಾರುವ ಅಧಿಕಾರ ಇಲ್ಲ, ಅದು ದೀಕ್ಷೆಯಾದವರ ಕೆಲಸ. ಬೇರೆಯವರಿಗಾಗಿ ವಾರವಾರವೂ ಕೇಳುತ್ತಾ ಬಂದ ಮನುಷ್ಯ ಅಂದು ಬರಿಗೈಯಲ್ಲಿ ನಿಂತು ತನಗಾಗಿ ಕೇಳುತ್ತಿದ್ದರು. ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡು ತಲೆಯಾಡಿಸಿದಳು. ಆಗ ಮೊದಲು ಕೇಳಿದ್ದು ದಾವೀದಪ್ಪನವರ ದನಿ. ಕರ್ತನೇ ನಮ್ಮನ್ನು ಕ್ಷಮಿಸು ಎಂದರು, ಒರಟಾಗಿ. ಅವರ ಹಿಂದೆ ಸಭೆಯೆಲ್ಲಾ ಅಂದಿತು. ಅಯ್ಯನವರು ಕೈಯೆತ್ತಿ ಕ್ಷಮೆಯ ಮಾತು ಸಾರಿದರು. ಅಪ್ಪ ಅಷ್ಟು ಹೊತ್ತೂ ಹುಡುಗರ ಚಾಪೆಯ ಕಡೆ ಒಮ್ಮೆಯೂ ನೋಡಲಿಲ್ಲ. ನೋಡಿದ್ದರೆ ಜನ ಆ ಕಣ್ಣಿನ ಜಾಡು ಹಿಡಿದು ನನ್ನವರೆಗೆ ಬರುತ್ತಿದ್ದರು. ಅದು ಅವರಿಗೆ ಗೊತ್ತಿತ್ತು. ನಾನೂ ಎಲ್ಲರ ಜೊತೆ ಕರ್ತನೇ ನಮ್ಮನ್ನು ಕ್ಷಮಿಸು ಎಂದೆ, ಸುತ್ತಲಿನವರಿಗಿಂತ ಸ್ವಲ್ಪ ಜೋರಾಗಿಯೇ.

ಅತ್ತೆಯನ್ನು ಭೋಜನದಿಂದ ದೂರ ಇಡುವ ಮಾತು ಅಲ್ಲಿಗೆ ನಿಂತಿತು. ಆದರೆ ಅಯ್ಯನವರು ಹೋಗುವಾಗ ಅಪ್ಪನನ್ನು ಪಕ್ಕಕ್ಕೆ ಕರೆದು, ಇನ್ನು ಅಚ್ಚಿನ ಪ್ರಾರ್ಥನೆಯೇ ಸಾಕು ಎಂದು ಮೆತ್ತಗೆ ಹೇಳಿದರಂತೆ. ಅಪ್ಪ ಮತ್ತೆ ಒಂದು ಸಾಲೂ ಬರೆಯಲಿಲ್ಲ. ಕಿವಿಯಲ್ಲಿ ಹೇಳುವ ಪದ್ಧತಿಯೂ ನಿಂತಿತು. ಅತ್ತೆ ಕೆಲವು ತಿಂಗಳ ಮೇಲೆ ಆಸ್ಪತ್ರೆಯೊಂದರಲ್ಲಿ ಆಯಾ ಕೆಲಸಕ್ಕೆ ಸೇರಿ ಅಲ್ಲಿನ ಕ್ವಾರ್ಟರ್ಸಿಗೆ ಹೋದಳು. ಜಗಳಕ್ಕೆ ಜನವಿಲ್ಲದೆ ಅಮ್ಮ ತಾನೇ ಸಾರಿಗೆ ಎರಡು ಸಲ ಉಪ್ಪು ಹಾಕಿ, ತಾನೇ ಬೈದುಕೊಂಡು, ಒಂದು ದಿನ ಪಾತ್ರೆ ಇಳಿಸಿ ಅತ್ತುಬಿಟ್ಟಳು. ಶನಿವಾರ ಊಟವಾಗಿ ಎಲ್ಲರೂ ಎದ್ದ ಮೇಲೂ ಅಪ್ಪ ಚಾಪೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದರು. ಏನೂ ಓದುತ್ತಿರಲಿಲ್ಲ, ಪ್ರಾರ್ಥಿಸುತ್ತಲೂ ಇರಲಿಲ್ಲ. ಅವರು ಯಾತಕ್ಕಾಗಿ ಕೂತಿದ್ದಾರೆಂದು ನನಗೆ ತಿಳಿದಿತ್ತು. ಹಾಗಾಗಿ ಶನಿವಾರ ಎಲ್ಲರಿಗಿಂತ ಮೊದಲು ಕೈ ತೊಳೆಯುವವನು ನಾನು.

ಈ ಎಲ್ಲದರ ನಡುವೆ ಅಪ್ಪ ನನ್ನ ಮೇಲಿನ ಪ್ರೀತಿ ಒಂದು ಎಳೆಯಷ್ಟೂ ಕಡಿಮೆ ಮಾಡಲಿಲ್ಲ. ಎಸ್.ಎಸ್.ಎಲ್.ಸಿ. ಪಾಸಾದ ದಿನ ಯಶವಂತಪುರದವರೆಗೆ ನಡೆಸಿಕೊಂಡು ಹೋಗಿ ಮಸಾಲೆ ದೋಸೆ ಕೊಡಿಸಿದರು. ತಾವು ಕಾಫಿ ಮಾತ್ರ ಕುಡಿದು, ನಾನು ತಿನ್ನುವುದನ್ನು ನೋಡುತ್ತಾ ಕೂತರು. ಕಾರ್ಖಾನೆಯ ಕೆಲಸಕ್ಕಾಗಿ ಯಾರ ಯಾರ ಮನೆ ಬಾಗಿಲಲ್ಲೋ ನಿಂತರು. ಅವರು ಒಮ್ಮೆ ಬೈದಿದ್ದರೆ ನನ್ನ ಬಾಯಿ ಬಿಚ್ಚುತ್ತಿತ್ತೆಂದು ಬಹಳ ಕಾಲ ಅವರ ಮೇಲೇ ತಪ್ಪು ಹೊರಿಸಿದ್ದೆ. ಅದೂ ನನ್ನ ಲೆಕ್ಕಕ್ಕೇ ಸೇರಬೇಕು.

ಅತ್ತೆಯ ಹತ್ತಿರ ಕ್ಷಮೆ ಕೇಳಿದ್ದು ನನಗೆ ಮಕ್ಕಳಾದ ಮೇಲೆ. ಅವಳು ಕೆಲಸದಿಂದ ನಿವೃತ್ತಳಾಗಿ ಆರ್.ಟಿ. ನಗರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಳು. ಮನೆ ಮಾಲೀಕರ ಮೊಮ್ಮಕ್ಕಳು ಅವಳನ್ನು ಆಸ್ಪತ್ರೆ ದಾದಿ, ಅಂದರೆ ಅವರ ಮಾತಿನಲ್ಲಿ ಅಜ್ಜಿ, ಎಂದು ಕರೆಯುತ್ತಿದ್ದರು, ರಂಜಾನಿನಲ್ಲಿ ತಟ್ಟೆ ತುಂಬಾ ಸಮೋಸ ತಂದಿಡುತ್ತಿದ್ದರು. ನನ್ನ ಮಗನಿಗೆ ಸೀತಾಳೆ ಬಂದು ಹೋಗಿತ್ತು. ಆ ಮಗುವಿನ ಕೈಗಳನ್ನು ಹಿಡಿದು ಕೂತ ದಿನಗಳಲ್ಲಿ ಅತ್ತೆಯನ್ನು ನೋಡಲೇಬೇಕು ಎನ್ನಿಸಿತು. ಹೋಗಿ, ನಿಂತುಕೊಂಡೇ, ಅತ್ತೆ, ಅಂದು ಅಪ್ಪನಿಗೆ ಹೇಳಿದ್ದು ನಾನು ಎಂದೆ. ಅವಳು ಚಹಾ ಸೋಸುತ್ತಿದ್ದಳು. ಸೋಸಿ ಮುಗಿಸಿದಳು.

“ಬಟ್ಲಲ್ಲಿ ಮೊಸರನ್ನ ಇದ್ದದ್ದು ಮನೇಲಿ ನಿನ್ನ ಬಿಟ್ರೆ ಇನ್ಯಾರಿಗೆ ಗೊತ್ತಿತ್ತೋ? ಅವತ್ತೇ ಗೊತ್ತಾಯ್ತು ಕಣೋ. ಕಿವಿ ಹಿಂಡ್ಬೇಕು ಅಂದ್ಕೊಂಡೆ, ಮೈಮೇಲೆ ಇನ್ನೂ ಕಲೆ ಆರಿರ್ಲಿಲ್ಲ, ಬಿಟ್ಟೆ. ಕೂತ್ಕೊ, ಚಹಾ ಆರುತ್ತೆ.”

ನಾನು ಅಳತೊಡಗಿದೆ. ಅವಳು ನಕ್ಕಳು. ಆ ಮನೆಯಿಂದ ಹೊರಬಿದ್ದದ್ದರಿಂದಲೇ ಸ್ವಂತ ಸಂಬಳ ಕಂಡೆ, ಸ್ವಂತ ಬೀಗದಕೈ ಕಂಡೆ, ನಿಮ್ಮಮ್ಮನ ಉಪ್ಪಿಲ್ಲದ ಸಾರಿನಿಂದಲೂ ಬಚಾವಾದೆ ಎಂದಳು. ನಾನು ಮೂಗು ಒರೆಸಿಕೊಳ್ಳುತ್ತಿರುವಾಗ ಅವಳ ಮುಖ ಬದಲಾಯಿತು.

“ಅಣ್ಣಂಗೆ ಹೇಳಿದ್ಯಾ?”

“ಅಪ್ಪಂಗೆ ಗೊತ್ತಲ್ಲ ಅತ್ತೆ.”

“ಗೊತ್ತಿರೋದು ಬೇರೆ. ನೀನು ಹೋಗಿ ಹೇಳೋದು ಬೇರೆ. ನಿನ್ನ ಬದ್ಲು ಚಾಡಿಕೋರ ಅಂತ ಅವನು ಹೆಸರು ಹಾಕ್ಕೊಂಡ. ಅದನ್ನ ಅವನ ಮೇಲಿಂದ ಇಳಿಸೋನು ನೀನೊಬ್ನೇ. ಹೋಗು, ಅವನು ಇನ್ನೂ ಕಾಯ್ತಾ ಇದಾನೆ.”

ಆ ವಾರವೇ ಹೋದೆ. ಅಮ್ಮ ಅಷ್ಟು ಹೊತ್ತಿಗಾಗಲೇ ತೀರಿಕೊಂಡಿದ್ದಳು. ಅಪ್ಪ ಕರುಣಾಳ ಮನೆಯ ಜಗಲಿಯಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಪಕ್ಕದಲ್ಲಿ ಕೂತು ನಾನೂ ಸುಲಿಯತೊಡಗಿದೆ. ಬೀದಿಯಲ್ಲಿ ಜನ ಓಡಾಡುತ್ತಿದ್ದರು, ನಮ್ಮಿಬ್ಬರ ಹತ್ತಿರ ಯಾರೂ ಇರಲಿಲ್ಲ. ಅಪ್ಪಾ ಎಂದೆ. ಅವರ ಕೈ ನಿಂತಿತು. ಮುಖ ನನ್ನ ಕಡೆ ತಿರುಗಿತು. ಕಣ್ಣಿಗೆ ಪೊರೆ ಬಂದಿತ್ತು, ಆದರೂ ನನ್ನನ್ನು ನೋಡುತ್ತಿದ್ದ ರೀತಿ ಆ ಮೆಟ್ಟಿಲ ಮೇಲಿನದೇ.

“ಹೇಳು ಮಗನೇ.”

ಈ ಸಲ ಕಾಯಿ ಎಳಸು ಬಂದಿದೆ ಅಲ್ವಾಪ್ಪ ಎಂದೆ. ಅಪ್ಪ ಮುಖವನ್ನು ಮೊರದ ಕಡೆ ತಿರುಗಿಸಿದರು. ಹೂಂ, ಎಳಸೇ ಬಂದಿದೆ ಎಂದು ಮತ್ತೆ ಸುಲಿಯತೊಡಗಿದರು. ಆಮೇಲೆಯೂ ಅವರು ಬಹಳ ವರ್ಷ ಇದ್ದರು. ನಾನು ಬಹಳ ಸಲ ಹೋದೆ, ಹಣ್ಣು ತೆಗೆದುಕೊಂಡು ಹೋದೆ, ಔಷಧಿ ತೆಗೆದುಕೊಂಡು ಹೋದೆ. ಅವರನ್ನು ಮಣ್ಣು ಮಾಡಿದ ದಿನ ಜನ ಅವರ ಒಳ್ಳೆಯತನವನ್ನು ಹಾಡಿ ಹೊಗಳಿದರು. ಮುದುಕರೊಬ್ಬರು ಮಾತ್ರ, ಬಂಗಾರದಂಥ ಮನುಷ್ಯ, ಒಂದೇ ಒಂದು ಸಲ ಬಾಯಿ ಜಾರಿ ತಂಗಿಯ ಗುಟ್ಟು ಹೇಳಿದ್ದರು, ಪಾಪ, ಅದನ್ನೂ ಸಭೆಯ ಮುಂದೆ ಒಪ್ಪಿಕೊಂಡರು ಎಂದರು. ಅವರು ಮೆಚ್ಚಿಯೇ ಹೇಳಿದ್ದು. ಅಲ್ಲವೆಂದು ಹೇಳಬಲ್ಲವನು ನಾನೊಬ್ಬನೇ, ಕೈಯಲ್ಲಿ ಮಣ್ಣು ಹಿಡಿದು ನಿಂತಿದ್ದೆ. ಆಗಲೂ ಸುಮ್ಮನಿದ್ದೆ.

ಈಗ ನಮ್ಮ ದೇವಾಲಯಕ್ಕೆ ಗ್ರಾನೈಟ್ ನೆಲ ಬಂದಿದೆ, ಪ್ರಾರ್ಥನೆ ಗೋಡೆಯ ಪರದೆಯ ಮೇಲೆ ಬರುತ್ತದೆ. ಅರಿಕೆಯ ನಡುವೆ ಅವರವರ ತಪ್ಪನ್ನು ಅವರವರೇ ನೆನೆಯಲು ಸ್ವಲ್ಪ ಹೊತ್ತು ಮೌನ ಬಿಡುತ್ತಾರೆ. ಆ ಮೌನದಲ್ಲಿ ನಾನು ಬಹಳ ವರ್ಷ ಅತ್ತೆಯನ್ನೇ ನೆನೆಯುತ್ತಿದ್ದೆ. ಅವಳು ಕ್ಷಮಿಸಿ, ಚಹಾ ಕೊಟ್ಟು ಕಳಿಸಿದ್ದಳು. ಕ್ಷಮೆ ಸಿಕ್ಕ ಕಡೆಗೇ ಮತ್ತೆ ಮತ್ತೆ ಹೋಗಿ ನಿಲ್ಲುವುದು ಸುಲಭ. ಕಳೆದ ತಿಂಗಳು ಈಗಿನ ಅಯ್ಯನವರು, ವಯಸ್ಸಿನಲ್ಲಿ ನನ್ನ ಮಗನಿಗಿಂತ ಚಿಕ್ಕವರು, ಅರಿಕೆ ಪ್ರಾರ್ಥನೆಯನ್ನು ಒಂದು ಭಾನುವಾರ ನೀವೇ ನಡೆಸಿಕೊಡಿ ತಾತ ಎಂದು ಕೇಳಿದ್ದಾರೆ. ಆಗಲಿ ಎಂದಿದ್ದೇನೆ. ನಮ್ಮನ್ನು ಕ್ಷಮಿಸು ಎಂದು ಎಲ್ಲರ ಪರವಾಗಿ ಕೇಳುವ ಮೊದಲು, ಮೈಕಿನ ಮುಂದೆ, ನನ್ನದನ್ನು ನಾನು ಹೇಳಬೇಕೆಂದಿದ್ದೇನೆ. ಅಪ್ಪನ ಹೆಸರನ್ನು ಬಾಯಿಬಿಟ್ಟು ಹೇಳುವ ರೂಢಿ ನಮ್ಮಲ್ಲಿಲ್ಲ. ಅಂದು ಗಂಟಲು ಕೈಕೊಟ್ಟರೂ ಇಲ್ಲಿ ಬರೆದದ್ದು ಇರಲಿ. ತಂಗಿಯ ಗುಟ್ಟು ಹೊರಹಾಕಿದವರು ಅವರಲ್ಲ, ನಾನು. ನನ್ನ ಚಾಡಿಯನ್ನು ತಮ್ಮದೆಂದು ಹೊತ್ತುಕೊಂಡವರು, ನಾನು ಒಮ್ಮೆಯೂ ಕ್ಷಮೆ ಕೇಳದೆ ಕಳಿಸಿಕೊಟ್ಟವರು, ಮತ್ತಿಕೆರೆ ಸಭೆಯ ಉಪದೇಶಿ ಸಮುವೇಲಪ್ಪ, ನನ್ನ ಅಪ್ಪ.